ಹಾಡು ಕಾಣುವ ಪೆಟ್ಟಿಗೆ

ಕಂಪ್ಯೂಟರ್ ರಿಪೇರಿಗೆ ಅಂತ ಯಾರದಾದರೂ ಮನೆಗೆ ಹೋದರೆ ಯಂತ್ರ ತಾನಾಗಿಯೇ ಸರಿಹೋಗಿ, ಸುತ್ತಲಿನ ಮನುಷ್ಯರಲ್ಲಿ ಏನಾದರೊಂದು ಗಡಿಬಿಡಿ ಸುರುವಾಗುವುದು ನನ್ನ ಹಣೆಬರಹ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ ದಿನದಿಂದ ಇದು ನಡೆದೇ ಇದೆ. ಅದರಲ್ಲೂ ಎರಡು ಸಾವಿರದ ಐದಾರನೆಯ ಇಸವಿಯ ಹೊತ್ತಿಗೆ ಕೊಲ್ಹಾಪುರದಿಂದ ತಂದ ಸಿಡಿಯಲ್ಲಿದ್ದ ಒಂದು ಪ್ರೋಗ್ರಾಮು ನನ್ನನ್ನು ಊರೂರು ತಿರುಗಿಸಿತು.

ಅದರ ಕೆಲಸ ಇಷ್ಟೇ. ಕಂಪ್ಯೂಟರಿನಲ್ಲಿ ಹಾಡು ಹಚ್ಚಿದರೆ ಪರದೆಯ ಮೇಲೆ ಹಾಡಿಗೆ ತಕ್ಕಂತೆ ಬಣ್ಣ ಕುಣಿಯುತ್ತಿತ್ತು. ದನಿ ಏರಿದರೆ ಬಣ್ಣ ಉಕ್ಕುತ್ತಿತ್ತು, ಇಳಿದರೆ ನೀರಿಗೆ ಬಿದ್ದ ಕುಂಕುಮದ ಹಾಗೆ ಮೆಲ್ಲಗೆ ಹರಡುತ್ತಿತ್ತು. ಅದು ಶೇರ್‌ವೇರ್, ಅಂದರೆ ಕೆಲವು ದಿನ ಪುಕ್ಕಟೆ ನೋಡಿ, ಹಿಡಿಸಿದರೆ ದುಡ್ಡು ಕಟ್ಟಿ ಎನ್ನುವ ಜಾತಿಯದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಹಚ್ಚಿಕೊಂಡು ಕುಳಿತರೆ ನಾನು ಚಿಕ್ಕೋಡಿಯಲ್ಲಿಯೇ ಇರುತ್ತಿರಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಗುಡುಗುಡು ಹೋಗುತ್ತಿದ್ದವು, ನಾನು ಒಳಗೆ ಯಾವುದೋ ನೇರಳೆ ಬಣ್ಣದ ಹೊಳೆಯಲ್ಲಿ ತೇಲುತ್ತಿದ್ದೆ. ಕರೆಂಟ್ ಹೋದಾಗ ಮಾತ್ರ ಕಾಲಿಗೆ ನೆಲ ಸಿಗುತ್ತಿತ್ತು.

೧. ಗಾಜಿನ ಆಚೆ ನಿಂತ ಅಜ್ಜ

ಒಂದು ಮಧ್ಯಾಹ್ನ ಹಾಗೆ ತೇಲುತ್ತಿದ್ದಾಗ, ಗಾಜಿನ ಬಾಗಿಲಿನ ಆಚೆ ತಲೆಗೆ ಪಟಕಾ ಸುತ್ತಿದ ಅಜ್ಜನೊಬ್ಬ ನಿಂತಿದ್ದ. ಕಣ್ಣು ನನ್ನ ಪರದೆಯ ಮೇಲಿತ್ತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಹಚ್ಚಿದ್ದು ಒಂದು ಭಜನೆ, ಅಜ್ಜನ ತಾಳ ಅದಕ್ಕೆ ಸರಿಯಾಗಿ ಬೀಳುತ್ತಿತ್ತು. ಒಳಗೆ ಬನ್ನಿ ಅಂದೆ, ತಿರುಗಿ ನೋಡಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಕೈ ಹಿಡಿದು ಒಳಗೆ ಕರೆತಂದರು. ಅಜ್ಜನಿಗೆ ಏನೂ ಕೇಳಿಸುವುದಿಲ್ಲವಂತೆ.

ಇಬ್ಬರೂ ಮಂಗಸೂಳಿಯವರು. ಮಲ್ಲಯ್ಯನ ಗುಡಿಯ ಭಜನಾ ಮೇಳದಲ್ಲಿ ಅಜ್ಜ ತಾಳ ಹಿಡಿದು ಮುಂದೆ ಕೂರುವವ. ಒಂದು ವರ್ಷದಿಂದ ಕಿವಿ ಪೂರ್ತಿ ಮುಚ್ಚಿತ್ತು. ಕಿವಿಗೆ ಮಶಿನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಆವತ್ತು ನಮ್ಮೂರಿನ ಡಾಕ್ಟರೂ ಹೇಳಿ ಕಳಿಸಿದ್ದರು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ದೀಪಾವಳಿ ಪಾಡ್ಯಾಕ್ಕ ತಾಳಾ ಮ್ಯಾಳದವರಿಗೆ ಕೊಟ್ಟಬಿಡತೇನಿ ಅಂತ ಕುಂತಾರ್ರಿ. ಅದೊಂದ ಕೊಟ್ಟರ ಈ ಮನಶ್ಯಾ ಉಳಿಯೂದಿಲ್ಲ.”

ಮಗ ಶಾಲೆಯಲ್ಲಿ ಕ್ಲರ್ಕ್, ಹೊಸದು ಕೊಂಡು ತನ್ನ ಹಳೆಯ ಕಂಪ್ಯೂಟರನ್ನು ಮನೆಯಲ್ಲಿ ಬಿಟ್ಟು ಹೋಗಿದ್ದನಂತೆ. ಇದನ್ನು ಅದರೊಳಗೆ ಹಾಕಿಕೊಡುತ್ತೇನೆ, ಅಜ್ಜ ಕಣ್ಣಿನಿಂದಲೇ ಭಜನೆ ಕೇಳಲಿ ಎಂದು ನಾನು ಮಾತು ಕೊಟ್ಟುಬಿಟ್ಟೆ. ಅಷ್ಟರಲ್ಲಿ ಅಜ್ಜ ಇನ್ನೂ ಬಣ್ಣ ಬೇಕೆಂದು ಕೈಸನ್ನೆ ಮಾಡಿದ. ಬಣ್ಣ ಹೆಚ್ಚಬೇಕಾದರೆ ದನಿ ಹೆಚ್ಚಬೇಕು, ಏರಿಸಿದೆ. ಅಜ್ಜ ಮತ್ತೆ ಸನ್ನೆ ಮಾಡಿದ, ಮತ್ತೆ ಏರಿಸಿದೆ. ಕಿವಿ ಕೇಳಿಸದವ ಆರಾಮ ಕುಳಿತಿದ್ದ, ಕಿವಿ ಇದ್ದ ಪಕ್ಕದ ಅಂಗಡಿಯ ಟೇಲರು ಕತ್ತರಿ ಹಿಡಿದು ಜಗಳಕ್ಕೆ ಬಂದ.

೨. ಮಲಗಿದ ಗೆರೆ

ಮಂಗಸೂಳಿಗೆ ಹೋಗುವ ಮೊದಲೇ ರಾಯಬಾಗದ ಒಬ್ಬ ಡಾಕ್ಟರ್ ಸಾಹೇಬರು ಕರೆದರು. ಪೇಶಂಟುಗಳು ಕಾಯುವ ಕೋಣೆಯಲ್ಲಿ ಈ ಪ್ರೋಗ್ರಾಮು ಹಾಕಿದರೆ ಅವರ ಮನಸ್ಸಿಗೆ ಸಮಾಧಾನ ಎಂಬುದು ಅವರ ವಿಚಾರ. ಬಣ್ಣ ಬಹಳವಾದರೆ ತಲೆ ಸುತ್ತಬಹುದೆಂದು, ಕಪ್ಪು ಪರದೆಯ ಮೇಲೆ ಬರೀ ಒಂದು ಹಸಿರು ಗೆರೆ ಹಾಡಿನ ಜೊತೆ ಮೇಲೆ ಕೆಳಗೆ ಹಾರುವಂತೆ ಮಾಡಿಕೊಟ್ಟೆ. ಹಿಂದೆ ಮೆಲ್ಲನೆ ಕೊಳಲು. ಜನ ಗೋಡೆಗೆ ಆತು ಅರೆಗಣ್ಣಿನಲ್ಲಿ ನೋಡುತ್ತಿದ್ದರು, ನನಗೂ ಜೊಂಪು ಹತ್ತಿತ್ತು.

ಅಲಖನೂರಿನ ಒಬ್ಬ ಅಜ್ಜಿಯ ಗಂಡನನ್ನು ಇಂಜೆಕ್ಷನ್ನಿಗೆ ಒಳಗೆ ಕರೆದಿದ್ದರು. ಬಾಗಿಲು ಮುಚ್ಚಿತು. ಹಸಿರು ಗೆರೆ ಹಾರುತ್ತಲೇ ಇತ್ತು, ಅಜ್ಜಿ ಅದು ಒಳಗಿನ ಗಂಡನ ಎದೆಬಡಿತವೇ ಎಂಬಂತೆ ದಿಟ್ಟಿಸುತ್ತಿದ್ದರು. ಕೊಳಲು ಮುಗಿಯಿತು. ಗೆರೆ ಸಣ್ಣಗೆ ನಡುಗಿ ನೆಟ್ಟಗೆ ಮಲಗಿತು. ಅಜ್ಜಿ ಎದೆ ಬಡಿದುಕೊಂಡು ಅಳತೊಡಗಿದರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಬಾಗಿಲ ಬಳಿಯವರು. ನಾನು ಮೌಸ್ ಹುಡುಕುವಷ್ಟರಲ್ಲಿ ಇಡೀ ಕೋಣೆ ಅಳುತ್ತಿತ್ತು.

ಒಳಗಿನಿಂದ ಅಜ್ಜ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದ. ಎಲ್ಲರೂ ಅಳುವುದನ್ನು ಕಂಡು ಅವನ ಮುಖವೂ ಬಾಡಿತು. ಹೆಂಡತಿಯ ಪಕ್ಕ ಕುಕ್ಕರಿಸಿ ಮೆಲ್ಲಗೆ ಕೇಳಿದ: “ಯಾರ ಹೋದ್ರ?”

ಅಜ್ಜಿ ಬಿಕ್ಕುತ್ತಲೇ ಹೇಳಿದರು: “ನೀವ.”

೩. ಈಯದ ಎಮ್ಮೆ

ಸದಲಗಾದ ಒಂದು ಹಾಲಿನ ಡೇರಿಯಲ್ಲೂ ಅದನ್ನು ಹಾಕಿದ್ದೆ. ಅಲ್ಲಿಯ ಸೆಕ್ರೆಟರಿಗೆ ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಅಭಂಗ ಹಚ್ಚಿ ಬಣ್ಣ ನೋಡುವ ಚಟ ಅಂಟಿತು. ಒಂದು ದಿನ ಪುಕ್ಕಟೆ ಅವಧಿ ಮುಗಿದು ಪ್ರೋಗ್ರಾಮು ಬಾಗಿಲು ಹಾಕಿತು. ಕಂಪ್ಯೂಟರಿನ ತಾರೀಖು ಹಿಂದಕ್ಕೆ ತಿರುಗಿಸಿದರೆ ಅದು ಮೋಸ ಹೋಗುತ್ತದೆ ಎಂದು ಯಾರೋ ಅವನ ಕಿವಿಯೂದಿದರು. ತಿರುಗಿಸಿದ. ಬಣ್ಣ ಬಂತು. ಸೆಕ್ರೆಟರಿ ತೃಪ್ತಿಯಿಂದ ಒಂದು ಕಪ್ ಚಹಾ ಕುಡಿದ.

ಹಾಲು ಹಾಕಿದವರಿಗೆ ಕೊಡುವ ಚೀಟಿಯೂ ಅದೇ ಕಂಪ್ಯೂಟರಿನಿಂದ ಬರುತ್ತದೆಂಬುದು ಅವನ ನೆನಪಿಗೇ ಬರಲಿಲ್ಲ. ಸಂಜೆ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ಕಟ್ಟೆಯ ಮುಂದೆ ನಿಂತಳು. ಬೈಯಲಿಲ್ಲ, ಬಹಳ ವಿನಯದಿಂದ ಕೇಳಿದಳು: “ಈ ತಾರೀಖಿಗೆ ನಮ್ಮ ಎಮ್ಮಿ ಇನ್ನೂ ಈದಿದ್ದಿಲ್ಲರಿ. ಹಾಲ ಯಾರದ ಹಿಂಡಿರಿ?”

ಸೆಕ್ರೆಟರಿ ಮರುದಿನವೇ ಪ್ರೋಗ್ರಾಮು ತೆಗೆಸಿದ. ಆ ಹೆಣ್ಣುಮಗಳು ಮಾತ್ರ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಇಟ್ಟಿದ್ದಾಳೆಂದು ಕೇಳಿದೆ. ಈಯುವ ಮೊದಲೇ ಹಾಲು ಕೊಟ್ಟ ಎಮ್ಮೆ ಆ ಊರಿನಲ್ಲಿ ಅದೊಂದೇ.

೪. ಹಿಂದೆ ಬಿದ್ದ ಶಿಷ್ಯ

ಕಾಗವಾಡದ ಮೇಲೆ ಹಾಯ್ದು ಮಂಗಸೂಳಿಗೆ ಹೋದೆ. ಕಿಟಕಿಯ ಆಚೆ ದ್ರಾಕ್ಷಿ ತೋಟಗಳು ಹಸಿರು ಚಾಪೆ ಬಿಚ್ಚಿದ ಹಾಗೆ ಹಿಂದೆ ಸರಿಯುತ್ತಿದ್ದವು. ಅಜ್ಜನ ಮನೆಯಲ್ಲಿ ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ, ಮೇಲೆ ಒಂದು ತೆಂಗಿನಕಾಯಿ ಇಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಬರುವವರೆಗೂ ಬಟ್ಟೆ ತೆಗೆಯಲು ಅಜ್ಜಿ ಬಿಡಲಿಲ್ಲ.

ಯಂತ್ರ ಬಹಳ ಹಳೆಯದು. ಪ್ರೋಗ್ರಾಮು ಹಾಕಿದೆ, ತೆರೆಯಲಿಲ್ಲ. ಪರದೆಯ ಡ್ರೈವರ್ ಹಾಕಿದೆ, ತೆರೆಯಿತು, ಆದರೆ ಏಳುಬೀಳುತ್ತ ನಡೆಯಿತು. ಅಜ್ಜ ಎಡ ಅಂಗೈಯನ್ನು ಸ್ಪೀಕರಿನ ಡಬ್ಬಿಯ ಮೇಲೆ ಇಟ್ಟುಕೊಂಡು ಕುಳಿತ. ಹಾಡಿನ ಗುದ್ದು ಅವನ ಕೈಗೆ ತಿಳಿಯುತ್ತಿತ್ತು. ಕೈಗೆ ಗುದ್ದು ಬಂದು ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬಣ್ಣ ಬರುತ್ತಿತ್ತು. ಅಜ್ಜನ ಹುಬ್ಬು ಗಂಟಾಯಿತು. ಮೇಳದಲ್ಲಿ ತಪ್ಪಿದವರನ್ನು ಗದರಿಸುವ ದನಿಯಲ್ಲಿ ಪರದೆಗೆ ಹೇಳಿದ: “ಲೇ, ಹಿಂದ ಬಿದ್ದಿ. ಮುಂದ ಬಾ.”

ಪರದೆ ಮುಂದೆ ಬರಲಿಲ್ಲ. ನಡುವೆ ದುಡ್ಡು ಕಟ್ಟಿ ಎನ್ನುವ ಚೌಕದ ಸೂಚನೆ ಬಂದು ಬಣ್ಣವೆಲ್ಲ ನಿಂತಿತು. ಅಜ್ಜ ಅದನ್ನು ಕ್ಷಮಿಸಿದ. ದಮ್ಮು ಕಟ್ಟಿರಬೇಕು, ಒಂದೀಟು ನೀರು ಕುಡಿಯಲಿ ಬಿಡು ಅಂದ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅಂಗೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಇಂಥ ಶಿಷ್ಯನಿಗೆ ಕಲಿಸುವ ವಯಸ್ಸು ನನ್ನದಲ್ಲ, ಪಾಡ್ಯಕ್ಕೆ ತಾಳ ಕೊಟ್ಟೇಬಿಡುತ್ತೇನೆ ಎಂದ. ನನಗೆ ಬಹಳ ಕೆಟ್ಟದೆನಿಸಿತು. ಇನ್ನೊಂದು ಸಲ ಬರುತ್ತೇನೆಂದು ಸನ್ನೆಯಲ್ಲಿ ಹೇಳಿ ಎದ್ದೆ. ಬಾಗಿಲವರೆಗೆ ಬಂದ ಅಜ್ಜಿ, ಆ ಶಿಷ್ಯನಿಗೆ ಹೊಡೆದಾದರೂ ಬುದ್ಧಿ ಕಲಿಸಿಕೊಂಡು ಬರ್ರಿ ಅಂದರು.

೫. ನೀಲಿ

ಆ ಯಂತ್ರಕ್ಕೆ ಮೆಮರಿ ಬೇಕಿತ್ತು, ಒಳ್ಳೆಯ ಡಿಸ್‌ಪ್ಲೇ ಕಾರ್ಡ್ ಬೇಕಿತ್ತು. ಅಷ್ಟು ಹಳೆಯವು ಅಂಗಡಿಯಲ್ಲಿ ಸಿಗುವುದಿಲ್ಲ. ಇದೇ ಚಿಂತೆಯಲ್ಲಿದ್ದಾಗ ನಿಪ್ಪಾಣಿಯ ಒಬ್ಬ ಹೈಸ್ಕೂಲ್ ಸರ್ ಬಂದರು. ಅವರ ಓಣಿಯ ಬೌದ್ಧ ಮನೆತನಗಳೆಲ್ಲ ಸೇರಿ, ಬೌದ್ಧ ಧರ್ಮ ಸ್ವೀಕರಿಸಿದ ನೆನಪಿನ ಧಮ್ಮಚಕ್ರ ದಿನ ಆಚರಿಸುವವರಿದ್ದರು. ವಂದನೆಯ ಹೊತ್ತಿಗೆ ಹಿಂದಿನ ದೊಡ್ಡ ಪರದೆಯ ಮೇಲೆ ಬಣ್ಣ ಮೂಡಬೇಕೆಂದು ಅವರ ಆಸೆ.

ಸಂಜೆ ಸಭಾಭವನ ತುಂಬಿತ್ತು. ಬಿಳಿ ಸೀರೆ, ಬಿಳಿ ಅಂಗಿ, ಮೇಣದಬತ್ತಿಯ ಬೆಳಕು. ವಂದನೆ ಸುರುವಾಯಿತು, ಪ್ರೊಜೆಕ್ಟರಿನಿಂದ ಬಣ್ಣ ಹರಿಯಿತು. ನಾನು ಇನ್ನೇನು ತೇಲಬೇಕು, ಕಂಪ್ಯೂಟರ್ ಹ್ಯಾಂಗ್ ಆಯಿತು. ಗೋಡೆ ತುಂಬ ನೀಲಿ ಪರದೆ, ಮೇಲೆ ಬಿಳಿ ಇಂಗ್ಲಿಷ್ ಅಕ್ಷರ. ನಮ್ಮ ಧಂದೆಯವರಿಗೆ ಅದು ಯಮನ ಬಾಗಿಲು.

ನಾನು ವೈರಿಗೆ ಕೈ ಹಾಕುವಷ್ಟರಲ್ಲಿ ಸರ್ ನನ್ನ ಮೊಣಕೈ ಹಿಡಿದರು. ತಿರುಗಿ ನೋಡಿದೆ. ತಮ್ಮ ನೀಲಿ ಧ್ವಜದ್ದೇ ಬಣ್ಣ ಗೋಡೆ ತುಂಬ ನಿಂತದ್ದು ಕಂಡು ಜನ ಒಬ್ಬೊಬ್ಬರಾಗಿ ಎದ್ದು ಕೈ ಮುಗಿಯುತ್ತಿದ್ದರು. ಮುಂದಿನ ಸಾಲಿನ ಹಿರಿಯ ತಾಯಿಯೊಬ್ಬರು, ಮೊದಲಿನ ಬಣ್ಣಗಳದು ಬರೀ ಗದ್ದಲ, ಇದು ಶಾಂತವಾಗಿದೆ ಅಂದರು. ಸರ್ ನನ್ನ ಕಿವಿಯಲ್ಲಿ ಹೇಳಿದರು: “ನನಗ ಗೊತ್ತೈತ್ರಿ ಏನಾಗೇತಿ ಅಂತ. ಮುಟ್ಟಬ್ಯಾಡ್ರಿ.”

ವಂದನೆ ಮುಗಿಯುವವರೆಗೆ ನಾನೂ ಕೈ ಮುಗಿದು ನಿಂತೆ. ನೀಲಿ ಪರದೆಯ ಮುಂದೆ ಕೈ ಮುಗಿದದ್ದು ನನಗೆ ಹೊಸದಲ್ಲ. ಇಷ್ಟು ಜನ ಜೊತೆಗೆ ನಿಂತದ್ದು ಮಾತ್ರ ಅದೇ ಮೊದಲು.

ಊಟದ ಹೊತ್ತಿಗೆ ಸರ್‌ಗೆ ಮಂಗಸೂಳಿಯ ಅಜ್ಜನ ಸಂಗತಿ ಹೇಳಿದೆ. ಅವರು ಎದ್ದು ಮನೆಗೆ ಹೋಗಿ, ತಮ್ಮ ಕೆಟ್ಟುಹೋದ ಹಳೆಯ ಕಂಪ್ಯೂಟರಿನ ಮೆಮರಿ ಮತ್ತು ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು.

೬. ಅಡಿಗೆ ಮನೆಯ ಹಾಡು

ಪಾಡ್ಯದ ಮಧ್ಯಾಹ್ನ ಮತ್ತೆ ಮಂಗಸೂಳಿಗೆ ಹೋದೆ. ಸಂಜೆ ಮೇಳದವರು ಬರುವವರಿದ್ದರು. ಭಜನೆ ಆದ ಮೇಲೆ ಅಜ್ಜ ತಾಳ ಒಪ್ಪಿಸುವುದು ಎಂದು ಮಾತಾಗಿತ್ತು. ಕಂಪ್ಯೂಟರಿನ ಪಕ್ಕದ ದೇವರ ಜಗಲಿಯ ಮೇಲೆ ತಾಳವನ್ನು ತಿಕ್ಕಿ ತೊಳೆದು, ಹೊಸ ಬಟ್ಟೆಯ ಮೇಲೆ ಇಟ್ಟಿದ್ದ.

ಕಾರ್ಡ್ ಹಾಕಿದೆ, ಮೆಮರಿ ಹಾಕಿದೆ. ಪ್ರೋಗ್ರಾಮಿನ ದುಡ್ಡನ್ನೂ ಈ ಸಲ ನಾನೇ ಕಟ್ಟಿದ್ದೆ. ಸಿಡಿಯ ಭಜನೆ ಹಚ್ಚಿದರೆ ಬಣ್ಣ ಕೈಯ ಗುದ್ದಿನ ಜೊತೆಗೇ ಬಂತು. ಅಜ್ಜ ನೋಡಿದ, ತಲೆಯಾಡಿಸಿದ, ಆದರೆ ಮುಖ ಅರಳಲಿಲ್ಲ. ಯಾರೋ ಪರವೂರಿನವರ ಹಾಡು ತನಗೆ ಯಾಕೆ, ತನ್ನ ಮೇಳದವರದು ಕಾಣುತ್ತದೇನು ಎಂದು ಕೇಳಿದ. ಕಾಣುತ್ತದೆ ಎಂದು ಸನ್ನೆ ಮಾಡಿ ಮೈಕ್ ಹೊರತೆಗೆದೆ. ಮೈಕಿಗೆ ಕೇಳಿದ್ದಕ್ಕೂ ಅದು ಬಣ್ಣ ಹಚ್ಚುತ್ತಿತ್ತು. ಸಿಡಿ ನಿಲ್ಲಿಸಿ, ಮೈಕನ್ನು ಗೋಡೆಯ ಗೂಡಿನಲ್ಲಿಟ್ಟು, ವೈರು ಕಾಲಿಗೆ ತೊಡರದಂತೆ ಮೂಲೆಗೆ ಸರಿಸುತ್ತ ಕುಳಿತೆ.

ಗೂಡಿನ ಆ ಕಡೆ ಅಡಿಗೆ ಮನೆ. ಒಳಗೆ ಅಜ್ಜಿ ಕರ್ಚಿಕಾಯಿ ಕರಿಯುತ್ತ ಅಜ್ಜನನ್ನು ಬೈಯುತ್ತಿದ್ದರು. ಅಜ್ಜನ ಕಿವಿ ಹೋದಾಗಿನಿಂದ ಅವರಿಗೆ ಇದೊಂದು ಸುಖ ಸಿಕ್ಕಿತ್ತಂತೆ. ಎದುರಿನವನಿಗೆ ಕೇಳಿಸುವುದಿಲ್ಲ, ಮನಸ್ಸಿಗೆ ಬಂದದ್ದು ಬಂದ ಹಾಗೆ ಅನ್ನಬಹುದು. ಹಬ್ಬದ ದಿನ ಎಣ್ಣೆ ಹಚ್ಚಿಕೊಳ್ಳಲು ಕರೆದರೆ ಬರಲಿಲ್ಲ, ಕಟ್ಟಿಗೆ ಒಡೆಯಲಿಲ್ಲ, ಮದುವೆಯಾದ ವರ್ಷ ತವರಿಗೆ ಕಳಿಸಲಿಲ್ಲ ಎಂದು ಅಜ್ಜಿ ಹಿಂದು ಹಿಂದಕ್ಕೆ ಹೋಗುತ್ತಿದ್ದರು.

ತಲೆಯೆತ್ತಿ ನೋಡಿದರೆ ಪರದೆ ಹೊತ್ತಿ ಉರಿಯುತ್ತಿತ್ತು. ಕೆಂಪು ಹೂವು, ಅದರ ಹೊಟ್ಟೆಯಿಂದ ಕಿತ್ತಳೆ ಬಣ್ಣದ ಹೂವು, ಅಂಚಿನಲ್ಲಿ ಬಂಗಾರದ ಬಳ್ಳಿ. ಅಷ್ಟು ಚಂದದ ಬಣ್ಣ ಆ ಪ್ರೋಗ್ರಾಮಿನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. ಅಜ್ಜ ಬಾಯಿ ತೆರೆದು ನೋಡುತ್ತಿದ್ದ. ಡಬ್ಬಿಯ ಮೇಲೆ ಅಂಗೈ ಇಟ್ಟ, ತೆಗೆದ, ಮತ್ತೆ ಇಟ್ಟ.

“ತಮ್ಮಾ, ಡಬ್ಬಿ ಸುಮ್ಮನೈತಿ. ಇದನ್ನ ಯಾರ ಹಾಡಾಕತ್ತಾರ?”

ನಾನು ಅಡಿಗೆ ಮನೆಯ ಕಡೆ ಬೆರಳು ತೋರಿಸಿದೆ. ಅಜ್ಜ ಬಾಗಿಲನ್ನು ನೋಡಿದ, ಪರದೆಯನ್ನು ನೋಡಿದ. ಆಮೇಲೆ ಕೈ ಚಾಚಿ, ಹೊಸ ಬಟ್ಟೆಯ ಮೇಲಿನ ತಾಳ ಎತ್ತಿಕೊಂಡು ಬೈಗುಳಕ್ಕೆ ತಾಳ ಹಾಕತೊಡಗಿದ. ಒಂದು ಪೆಟ್ಟೂ ತಪ್ಪಲಿಲ್ಲ.

ವರ್ಷದಿಂದ ಸುಮ್ಮನಿದ್ದ ತಾಳದ ಸಪ್ಪಳ ಕೇಳಿ ಅಜ್ಜಿ ಕರಿಯುವ ಝಾರಿ ಹಿಡಿದೇ ಓಡಿಬಂದರು. ಪರದೆ ಕಂಡಿತು, ಮೈಕ್ ಕಂಡಿತು, ನಾನು ಕಂಡೆ. ಎಲ್ಲ ತಿಳಿದು ಬಾಯಿಗೆ ಸೆರಗು ಒತ್ತಿಕೊಂಡರು. ಪರದೆ ಕಪ್ಪಾಯಿತು. ಅಜ್ಜ ತಾಳ ಎತ್ತಿ ಹಿಡಿದುಕೊಂಡೇ ಕಾದ.

“ನಿಲ್ಲಸಬ್ಯಾಡ. ಮುಂದಿನ ನುಡಿ ಹೇಳ.”

ಅಜ್ಜಿಗೆ ನಗೆಯೂ ಅಳುವೂ ಒಟ್ಟಿಗೇ ಬಂದವು. ಅದಕ್ಕೂ ಪರದೆಯ ಮೇಲೆ ಒಂದು ತಿಳಿಗುಲಾಬಿ ತೆರೆ ಎದ್ದು ಹೋಯಿತು.

ಸಂಜೆ ಮೇಳದವರು ಬಂದು ಕುಳಿತರು. ಅಜ್ಜ ಪರದೆಯ ಮೇಲೆ ಕಣ್ಣಿಟ್ಟು ಎಲ್ಲರಿಗಿಂತ ಮುಂದೆ ಕುಳಿತ. ಭಜನೆ ಏರಿತು, ಇಳಿಯಿತು, ಬಣ್ಣದ ಬೆಳಕು ಎಲ್ಲರ ಮುಖದ ಮೇಲೆ ಆಡಿತು, ಅಜ್ಜನ ತಾಳ ಅದರ ಜೊತೆ ನಡೆಯಿತು. ಮುಗಿದ ಮೇಲೆ ತಾಳ ಕೊಡು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹಾರ್ಮೋನಿಯಂ ಪೇಟಿ ಬಾರಿಸುವವ ಕೈಸನ್ನೆ ಮಾಡಿ, ನಮ್ಮ ಹಾಡು ಹ್ಯಾಂಗಾತು ಎಂದಷ್ಟೇ ಕೇಳಿದ.

ಅಜ್ಜ ತಾಳವನ್ನು ಮಡಿಲಿಗೆ ಹಾಕಿಕೊಂಡು ಯೋಚಿಸಿ ಹೇಳಿದ: “ಛಲೋ ಹಾಡಿದ್ರಿ. ಆದರ ಮಧ್ಯಾಹ್ನದ ಹಾಡಿನ್ಯಾಗ ಬಣ್ಣಾ ಭಾಳ ಇತ್ತು.”

ಅಡಿಗೆ ಮನೆಯಿಂದ ಅಜ್ಜಿ ಏನೋ ಅಂದರು. ಅಜ್ಜನಿಗೆ ಕೇಳಿಸಲಿಲ್ಲ. ಆದರೆ ಪರದೆಯ ಕಡೆ ನೋಡಿ ಮೇಳದವರಿಗೆಲ್ಲ ಸುಮ್ಮನಿರಲು ಸನ್ನೆ ಮಾಡಿ, ತಾಳ ಎತ್ತಿಕೊಂಡ.

“ನೋಡ್ರಿ, ಸುರು ಆತು.”