ನೂರೊಂದು ರೊಟ್ಟಿ, ಒಂದು ರೇಸ್ ಕಾರು

ಗಚ್ಚಿಬೌಲಿಯ ರಸ್ತೆಯಲ್ಲಿ ಓಡಾಡುವ ಸಮಸ್ತ ಕಾರುಗಳೂ ಇನ್ನು ಮುಂದೆ ನನ್ನ ಕಾರಿನ ಹಿಂಭಾಗವನ್ನು ಮಾತ್ರ ನೋಡತಕ್ಕದ್ದು! ಹೀಗೆಂದು ಕಳೆದ ಯುಗಾದಿಯ ದಿನ, ಬೇವು-ಬೆಲ್ಲ ಬಾಯಲ್ಲಿರುವಾಗಲೇ ನಾನು ಸಂಕಲ್ಪ ಮಾಡಿದೆ.

"ಮದ್ಲ ಅದು ಸ್ಟಾರ್ಟ್ ಆಗ್ಲಿ," ಎಂದಳು ಹೆಂಡತಿ ವನಜಾ, ಅಡುಗೆಮನೆಯಿಂದಲೇ.

ಅವಳ ಮಾತಿನಲ್ಲಿ ನ್ಯಾಯವಿತ್ತು, ಒಪ್ಪುತ್ತೇನೆ. ನಮ್ಮ ಕಾರು ತೊಂಬತ್ತನಾಲ್ಕನೇ ಇಸವಿಯದು. ನಮ್ಮಪ್ಪ ಬೀದರಿನಲ್ಲಿ ಕೊಂಡದ್ದು. ಮುಂದೆ ಚೌಕ, ಹಿಂದೆ ಚೌಕ, ನೆತ್ತಿಯೂ ಚೌಕ. ಅದರ ಚಿತ್ರ ಬರೆಯಲು ಒಂದು ಸ್ಕೇಲ್ ಇದ್ದರೆ ಸಾಕು. ಪಟಾನ್‌ಚೆರು ದಾರಿಯಲ್ಲಿರುವ ನಮ್ಮ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದಾಗಿನಿಂದ ಅದು ಬೇವಿನ ಮರದ ಪಕ್ಕ ನಿಂತೇ ಇತ್ತು. ವನಜಾ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು.

ಅದರ ಮೇಲಿನ ಸಂಡಿಗೆಯನ್ನು ಸರಿಸಿ ಒಳಗಿನ ಸಿಂಹವನ್ನು ಕಂಡವನು ನಿಶಾಂತ. ನನ್ನದೇ ಸೆಕ್ಷನ್ನಿನ ಹುಬ್ಬಳ್ಳಿ ಹುಡುಗ. ಹಳೆಯ ಡಬ್ಬಿ ಕಾರುಗಳಿಗೆ ಹೊಸ ಪ್ರಾಣ ತುಂಬಿ ಓಡಿಸುವ ಒಂದು ಬಳಗಕ್ಕೆ ತಾನೇ ಅಧ್ಯಕ್ಷನೆಂದು ಹೇಳಿಕೊಳ್ಳುತ್ತಿದ್ದ.

"ಸರ್, ಈ ಬಾಡಿ ನೋಡ್ರಿ, ಹಗುರ ಐತಿ. ಇದಕ್ಕ ದೊಡ್ಡ ಇಂಜಿನ್ ಕೂಡಿಸಿದ್ರ ಗಾಡಿ ಅಲ್ಲ, ವಿಮಾನ ಆಕ್ಕೈತಿ."

ನಾನು ಆಗಲೇ ಅರ್ಧ ಹಾರಿಬಿಟ್ಟಿದ್ದೆ. ನಾಲ್ಕು ತಿಂಗಳು, ಪ್ರತಿ ಭಾನುವಾರ, ಗೌಸ್‌ಭಾಯ್ ಗ್ಯಾರೇಜಿನಲ್ಲಿ ನಮ್ಮ ಯಜ್ಞ ನಡೆಯಿತು. ದೊಡ್ಡ ಇಂಜಿನ್ ಬಂತು. ಹೊಗೆಕೊಳವೆಯ ಜಾಗದಲ್ಲಿ ಬೋರ್‌ವೆಲ್ಲಿನ ಪೈಪಿನಂಥದ್ದು ಬಂತು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲದಿಂದ ಒಂದು ಗೇಣಿಗೆ ಇಳಿಸಿದೆವು. ಭಾರ ಕಡಿಮೆ ಮಾಡಲು ಹಿಂದಿನ ಸೀಟನ್ನೇ ಕಿತ್ತು ಹಾಕಿದೆವು. ಮುಂದೆ ಎರಡು ಬಿಗಿಯಾದ ರೇಸ್ ಸೀಟು, ಅವಕ್ಕೆ ಭುಜದಿಂದಲೂ ಸೊಂಟದಿಂದಲೂ ಬಿಗಿಯುವ ಬೆಲ್ಟು. ಕೊನೆಗೆ ಕಬ್ಬಿಣದಷ್ಟು ಗಟ್ಟಿಯಾದ ಶಾಕ್ ಅಬ್ಸಾರ್ಬರ್ ಕೂಡಿಸಿ ಗೌಸ್‌ಭಾಯ್ ಕೈ ಒರೆಸಿಕೊಂಡ.

"ಅಬ್ ರೋಡ್ ಪೇ ಚೀಂಟಿ ರಹೀ ತೋ ಭೀ ಮಾಲೂಮ್ ಹೋತಾ ಸಾಬ್."

ರಸ್ತೆಯ ಮೇಲೆ ಇರುವೆ ಇದ್ದರೂ ಒಳಗೆ ಕೂತವರಿಗೆ ಗೊತ್ತಾಗುತ್ತದಂತೆ. ನಾನು ಮಹಾ ಮೂರ್ಖ, ಇದನ್ನು ಹೊಗಳಿಕೆ ಎಂದುಕೊಂಡು ಅವನ ಕೈ ಕುಲುಕಿದೆ.

ಅದೇ ವಾರ ವನಜಾಳ ತಂಗಿ ಲಹರಿಯ ಕುಬಸ ನಿಶ್ಚಯವಾಯಿತು. ಲಹರಿಯ ಗಂಡನ ಮನೆ ದಿಲ್‌ಸುಖ್‌ನಗರದಲ್ಲಿ. ಕಲಬುರಗಿ ಕಡೆಯ ದೊಡ್ಡ ಕುಟುಂಬ. ಆಕೆಗೆ ಏಳನೇ ತಿಂಗಳು, ಸೀಮಂತದ ಹೊತ್ತು. ನಮ್ಮಲ್ಲಿ ಕುಬಸಕ್ಕೆ ತವರಿನವರು ಸೀರೆ, ಖಣದ ಜೊತೆ ಬುತ್ತಿ ಒಯ್ಯಬೇಕು. ಬುತ್ತಿಯ ಮಾನವಿರುವುದು ರೊಟ್ಟಿಯಲ್ಲಿ. ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಗರಿಗರಿಯಾಗಿ ಒಣಗಿಸಿದ ನೂರೊಂದು ಸಜ್ಜೆಯ ಖಡಕ್ ರೊಟ್ಟಿ. ಬೀಗರ ಮನೆಯ ಹೆಂಗಸರು ಸುತ್ತ ಕೂತು ಬುಟ್ಟಿಯ ಬಟ್ಟೆ ತೆಗೆಯುತ್ತಾರೆ. ರೊಟ್ಟಿ ಮುರಿದಿದ್ದರೆ ಆ ಮಾತು, ಹುಟ್ಟಲಿರುವ ಮಗುವಿನ ಮದುವೆಯವರೆಗೂ ಬಾಳುತ್ತದೆ.

ನಮ್ಮ ಅತ್ತೆ ತೀರಿಕೊಂಡು ನಾಲ್ಕು ವರ್ಷ. ಹೀಗಾಗಿ ತಾಯಿಯ ಜಾಗದಲ್ಲಿ ನಿಂತು ಬುತ್ತಿ ಒಯ್ಯಬೇಕಾದವಳು ವನಜಾ. ಮೂರು ದಿನ ಒಲೆಯ ಮುಂದೆ ಕೂತು ನೂರೊಂದೂ ರೊಟ್ಟಿ ತಾನೇ ಬಡಿದಳು. ಸಹಾಯಕ್ಕೆ ಬಂದ ನೆರೆಮನೆಯವರನ್ನು ಹಿಟ್ಟಿನ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ.

"ಅವ್ವ ಇದ್ದಿದ್ರ ಹೆಂಗ ಒಯ್ತಿದ್ಲೋ ಹಂಗ ಒಯ್ಯಬೇಕ್ರಿ," ಎಂದಳು. "ಆ ಶಂಕ್ರಮ್ಮ ಅತ್ತಿ ಮುಂದ ನನ್ನ ತಂಗಿ ತಲಿ ತಗ್ಗಿಸಬಾರದು. ದೊಡ್ಡ ಕ್ಯಾಬ್ ಹೇಳ್ರಿ."

"ಕ್ಯಾಬ್?" ನನ್ನ ಎದೆಗೆ ಚೂರಿ ಹಾಕಿದಂತಾಯಿತು. "ಮನ್ಯಾಗ ಇಂಥಾ ಗಾಡಿ ಇಟಗೊಂಡು ಕ್ಯಾಬ್?"

"ಅದ್ರಾಗ ಹಿಂದ ಸೀಟ ಇಲ್ಲ."

"ಅದಕ್ಕ ಅಂತೀನಿ! ಎರಡೂ ಬುಟ್ಟಿ ಆರಾಮ ಕೂಡ್ತಾವು. ಗಾಡಿ ರಸ್ತಾ ಹೆಂಗ ಹಿಡಿತೈತಿ ಗೊತ್ತೈತೇನ? ಒಂದ್ ರೊಟ್ಟಿ ಅಲುಗೂದಿಲ್ಲ."

ವನಜಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮದುವೆಯಾಗಿ ಹದಿನಾರು ವರ್ಷವಾದರೂ ಅವಳು ಇನ್ನೂ ಒಮ್ಮೊಮ್ಮೆ ನನ್ನನ್ನು ನಂಬುತ್ತಾಳೆ. ಪಾಪ, ಅಂದೂ ನಂಬಿದಳು.

ಭಾನುವಾರ ಬೆಳಿಗ್ಗೆ ಬುಟ್ಟಿಗಳೆರಡನ್ನೂ ಬಿಳಿ ಪಂಚೆಯಲ್ಲಿ ಕಟ್ಟಿ ಹಿಂದೆ ಇಟ್ಟೆವು. ಇಳಕಲ್ ಸೀರೆ ಉಟ್ಟ ವನಜಾಳನ್ನು ರೇಸ್ ಸೀಟಿಗೆ ಕೂಡಿಸಿ, ಎಡ ಭುಜ, ಬಲ ಭುಜ, ಸೊಂಟ ಎಲ್ಲ ಬೆಲ್ಟಿನಿಂದ ಬಿಗಿದೆ.

"ಏನ್ರಿ, ಕುಬಸಕ್ಕ ಕರಕೊಂಡ್ ಹೊಂಟೀರೋ, ಚಂದ್ರಲೋಕಕ್ಕೋ?"

ಉತ್ತರವಾಗಿ ಕೀಲಿ ತಿರುವಿದೆ. ಆ ಗರ್ಜನೆಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಎದುರುಮನೆಯವರು ಸಿಲಿಂಡರ್ ಸಿಡಿಯಿತೆಂದು ಹೊರಗೆ ಓಡಿಬಂದರು. ನಾನು ಅವರಿಗೆ ಕೈ ಬೀಸುತ್ತ ಗೇಟು ದಾಟಿದೆ.

ಗಚ್ಚಿಬೌಲಿಯವರೆಗೆ ನಾನು ಸಭ್ಯನಾಗಿದ್ದೆ. ಅಲ್ಲಿ ಒಂದು ನೀರಿನ ಟ್ಯಾಂಕರ್ ನನ್ನನ್ನು ಹಿಂದಿಕ್ಕಿತು. ಟ್ಯಾಂಕರ್! ಅದೂ ದಾರಿಯುದ್ದಕ್ಕೂ ನೀರು ಸೋರಿಸುತ್ತ, ನನ್ನ ಗಾಜಿನ ಮೇಲೆ ತುಂತುರು ಚಿಮುಕಿಸಿ! ನಾಲ್ಕು ತಿಂಗಳ ತಪಸ್ಸಿಗೆ ಇಂಥ ಅವಮಾನವೇ? ಕಾಲು ತಾನಾಗಿ ಒತ್ತಿತು. ಕಾರು ಚಿಗರೆಯಂತೆ ನೆಗೆದು ಟ್ಯಾಂಕರನ್ನು ದಾಟಿತು, ದಾಟಿದ ಸಂತೋಷದಲ್ಲಿ ಮುಂದಿನ ಹಂಪ್ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಬೆನ್ನುಮೂಳೆ ಒಮ್ಮೆ ಮೇಲಕ್ಕೆ ಹೋಗಿ ತನ್ನ ಜಾಗಕ್ಕೆ ಮರಳಿತು.

ಹಿಂದಿನಿಂದ 'ಕಟ್' ಎಂದು ಸದ್ದಾಯಿತು.

"ಏನ್ರಿ ಅದು?"

"ಹೊಸಾ ಸ್ಪ್ರಿಂಗ್. ಕೂಡಾಕತ್ತಾವು."

ಟೋಲಿಚೌಕಿಯಲ್ಲಿ ರಸ್ತೆ ಅಗೆದಿದ್ದರು. 'ಕಟ್ ಕಟ್ ಕಟ್.' ಮೆಹದಿಪಟ್ಣಂನಲ್ಲಿ ಅಗೆದದ್ದನ್ನು ಮುಚ್ಚಿದ್ದರು. ಅದು ಇನ್ನೂ ಕೆಟ್ಟದಾಗಿತ್ತು. 'ಕಟಕಟ ಕಟಕಟ.' ಸಿಗ್ನಲ್ಲಿನಲ್ಲಿ ನಿಂತಾಗ ವನಜಾ ಮೂಗು ಅರಳಿಸಿದಳು.

"ಏನ್ರಿ, ನಿಮ್ಮ ಸ್ಪ್ರಿಂಗ್ ಎಳ್ಳಿನ ವಾಸನಿ ಹೊಡೀತಾವೇನು?"

ಹಿಂದೆ ತಿರುಗಿ ನೋಡಲು ಹೆಣಗಾಡಿದಳು. ಬೆಲ್ಟು ಒಂದಿಂಚೂ ಬಿಡಲಿಲ್ಲ. ಕೈ ಹಿಂದೆ ಚಾಚಿದಳು, ಬುಟ್ಟಿ ಎಟುಕಲಿಲ್ಲ. "ಗಾಡಿ ನಿಂದರಸ್ರಿ," ಎಂದಳು. ಇಂಜಿನ್ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಕಷ್ಟ ಎಂದೆ. ಅದು ನಿಜವೇ ಆಗಿತ್ತು, ಆದರೆ ಅವಳಿಗೆ ಇಷ್ಟು ದಿನ ಅದನ್ನು ಹೇಳಿರಲಿಲ್ಲ. ಅಲ್ಲಿಂದ ಮಲಕ್‌ಪೇಟೆವರೆಗೆ ಅವಳು ಪ್ರತಿ 'ಕಟ್'ಗೂ ಒಂದೊಂದು ರೊಟ್ಟಿ ಎಣಿಸುತ್ತ ಬಂದಳು. ಆ ಬೋರ್‌ವೆಲ್ ಪೈಪಿನ ಗದ್ದಲಕ್ಕಿಂತ ಆ ಎಣಿಕೆಯೇ ನನ್ನ ಕಿವಿಗೆ ಜೋರಾಗಿ ಕೇಳಿಸಿತು.

ದಿಲ್‌ಸುಖ್‌ನಗರದ ಅಪಾರ್ಟ್‌ಮೆಂಟಿನ ಮುಂದೆ ಲಹರಿಯ ಅತ್ತೆ ಶಂಕ್ರಮ್ಮ, ಮಾವ ಸಿದ್ದರಾಮಪ್ಪ, ಆರತಿ ತಟ್ಟೆ ಹಿಡಿದ ಹತ್ತು ಹೆಂಗಸರು ಕಾಯುತ್ತಿದ್ದರು. ಅವರೆದುರು ಕಾರನ್ನು ಜೋರಾಗಿ ಕೆಳಗಿನ ಪಾರ್ಕಿಂಗ್ ಸೆಲ್ಲಾರಿಗೆ ಇಳಿಸುವುದೆಂದು ನನ್ನ ಲೆಕ್ಕ. ಇಳಿಜಾರಿನ ತುದಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಕೂತಿತು. ಮುಂದಿನ ಚಕ್ರ ಗಾಳಿಯಲ್ಲಿ, ಹಿಂದಿನದೂ ಹೆಚ್ಚುಕಡಿಮೆ ಗಾಳಿಯಲ್ಲಿ!

ಸಿದ್ದರಾಮಪ್ಪನವರು ಧೋತರ ಮೇಲಕ್ಕೆ ಕಟ್ಟಿ ವಾಚ್‌ಮನ್ನನನ್ನು ಕರೆದರು. ಒಬ್ಬರು ಮುಂದೆ, ಒಬ್ಬರು ಹಿಂದೆ ಹಿಡಿದು ಕಾರನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಕುಟ್ಟಿದರು. ಕಾರೇನೋ ಬಿಡಿಸಿಕೊಂಡಿತು, ಆದರೆ ಅಲ್ಲಿಯವರೆಗೆ ಹಠ ಹಿಡಿದು ಉಳಿದಿದ್ದ ನಾಲ್ಕೈದು ರೊಟ್ಟಿಗಳೂ ಆಗ ಶರಣಾದವು.

ಬುಟ್ಟಿಗಳನ್ನು ಪಡಸಾಲೆಯ ನಡುವೆ, ಮಣೆಯ ಮೇಲೆ ಕೂತಿದ್ದ ಲಹರಿಯ ಮುಂದೆ ಇಟ್ಟರು. ಹೆಂಗಸರು ಸುತ್ತ ಕೂತರು. ವನಜಾ ಪಂಚೆಯ ಗಂಟು ಬಿಚ್ಚಿದಳು. ಒಂದು ಬುಟ್ಟಿಯಲ್ಲಿ ನುಚ್ಚು. ಇನ್ನೊಂದರಲ್ಲಿ ಹಿಟ್ಟು. ನೂರೊಂದರಲ್ಲಿ ಒಂದೂ ರೊಟ್ಟಿಯ ರೂಪದಲ್ಲಿರಲಿಲ್ಲ.

ವನಜಾಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಮೂರು ದಿನ ಅವಳು ಬಡಿದದ್ದನ್ನು ನಾನು ಒಂದೂವರೆ ಗಂಟೆಯಲ್ಲಿ ಪುಡಿ ಮಾಡಿದ್ದೆ. "ತಪ್ಪು ನಂದ್ರಿ," ಎಂದೆ. "ಗಾಡಿ ಸ್ವಲ್ಪ ಬಿರುಸ ಮಾಡಿಸಿದ್ದೆ."

ಶಂಕ್ರಮ್ಮ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿದರು. ಬೆರಳ ಸಂದಿಯಿಂದ ಅದು ಜರಜರನೆ ಇಳಿಯಿತು.

"ಒರಳಿಗಿ ಗಾಲಿ ಹಚ್ಚಿಸೀರೇನ್ರಿ ಬೀಗರ?"

ಅಷ್ಟರಲ್ಲಿ ಲಹರಿ ತಾನೂ ಬುಟ್ಟಿಗೆ ಕೈ ಹಾಕಿ ಬಾಯಿಗೆ ಒಂದು ಚಿಟಿಕೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. "ಅಕ್ಕಾ, ಅವ್ವನ ರೊಟ್ಟಿ ಇದ್ದಂಗ ಐತಿ," ಎಂದಳು. "ಇದಕ್ಕ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣಿ ಕೊಡತಿದ್ಲಲ್ಲ, ಹಂಗ ಮಾಡಿ ಕೊಡ. ತಿಂಗಳಾತು, ಏನೂ ರುಚಿ ಹತ್ತವಲ್ದು."

ಬಸುರಿಯ ಬಯಕೆ ಎಂದ ಮೇಲೆ ಯಾರು ಬೇಡವೆನ್ನುತ್ತಾರೆ? ವನಜಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಗ್ಗರಣೆಯ ವಾಸನೆ ಹರಡಿದ್ದೇ ತಡ, ಲಹರಿ ಎರಡು ತಟ್ಟೆ ತಿಂದಳು. ಆಮೇಲೆ ಮೂಲೆಯಲ್ಲಿ ಕೂತಿದ್ದ ಮುದುಕಿಯರೆಲ್ಲ ತಟ್ಟೆ ಹಿಡಿದರು. ಹಲ್ಲು ಉದುರಿದ ಮೇಲೆ ಖಡಕ್ ರೊಟ್ಟಿಯನ್ನು ದೂರದಿಂದ ನೋಡಿಯೇ ಅವರ ಬಾಳು ಸಾಗುತ್ತಿತ್ತು.

"ಏಳು ವರ್ಷ ಆತು ನೋಡವಾ, ಸಜ್ಜಿ ರೊಟ್ಟಿ ನಾಲಿಗಿ ಮ್ಯಾಲ ಬಿದ್ದು," ಎಂದರು ಶಂಕ್ರಮ್ಮ, ಮೂರನೆಯ ಸಲ ಬಡಿಸಿಕೊಳ್ಳುತ್ತ. "ಹಲ್ಲಿಲ್ಲದವರ ಚಿಂತಿ ಮಾಡಿ ಬುತ್ತಿ ತಂದಾಕಿ ನೀ ಒಬ್ಬಾಕೇ." ವನಜಾ ಅದನ್ನು ಅಲ್ಲಗಳೆಯಲಿಲ್ಲ. ಅವಳ ಮುಖ ಅರಳಿತು, ತಂಗಿಯ ತಲೆಯೂ ಎತ್ತರವಾಯಿತು.

ನನಗೂ ಮೆಲ್ಲಗೆ ಜೀವ ಬಂತು. ಪಂಕ್ತಿಯಲ್ಲಿ ಕೂತು ಸಿದ್ದರಾಮಪ್ಪನವರಿಗೆ ಇಂಜಿನ್ನಿನ ಶಕ್ತಿ, ಶಾಕ್ ಅಬ್ಸಾರ್ಬರಿನ ಗಟ್ಟಿತನ ಎಲ್ಲ ವಿವರಿಸತೊಡಗಿದೆ. ಅವರು ತಲೆಯಾಡಿಸುತ್ತಿದ್ದರು. ಇಷ್ಟು ದಿನಕ್ಕೆ ನನ್ನ ಕಾರಿನ ಬೆಲೆ ತಿಳಿದವರೊಬ್ಬರು ಸಿಕ್ಕರಲ್ಲ ಎಂದು ನಾನು ಉಬ್ಬಿಹೋದೆ.

ಆಗ ಶಂಕ್ರಮ್ಮ ದೊಡ್ಡದೊಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ಒಳಗೆ ಚಟ್ನಿಪುಡಿಗೆಂದು ಹುರಿದ ಸೇಂಗಾ, ಒಣಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು.

"ಬೀಗರ, ಎರಡನೇ ಪಂಕ್ತಿಗೆ ಸೇಂಗಾ ಹಿಂಡಿ ಸಾಲವಲ್ದು. ಇಲ್ಲಿ ನೋಡಿದ್ರ ಕರೆಂಟ್ ಹೋಗೈತಿ, ಮಿಕ್ಸರ್ ತಿರಗವಲ್ದು. ಒಂದ್ ರೌಂಡ್ ಹೊಡಕೊಂಡ್ ಬರ್ರಲ್ಲ."

ಇಡೀ ಪಂಕ್ತಿ ನಕ್ಕಿತು. ಗಂಡನ ಮಾನ ಕಾಪಾಡಲು ಒಂದಾದರೂ ಮಾತು ಹೇಳಿಯಾಳೆಂದು ನಾನು ವನಜಾಳ ಕಡೆ ನೋಡಿದೆ. ಅವಳು ಎದ್ದು ಬಂದು, ಡಬ್ಬಿಯ ಮುಚ್ಚಳವನ್ನು ಒಮ್ಮೆ ಒತ್ತಿ ಭದ್ರಪಡಿಸಿದಳು.

"ಮಲಕ್‌ಪೇಟಿ ತನಕ ಹೋಗಿ ಹೊಳ್ಳಿ ಬರ್ರಿ, ಸಾಕು," ಎಂದಳು. "ಅಲ್ಲಿಂದ ಮುಂದ ಹೋದ್ರ ಸೇಂಗಾ ಎಣ್ಣಿ ಬಿಡ್ತಾವು."