ಬೆಟ್ಟದ ಟಿಕೆಟ್ಟು

ಅನುಮಾನ ಅನ್ನೋದಕ್ಕೆ ರಿಟೈರ್‌ಮೆಂಟ್ ಇಲ್ಲ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಅಂತ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದೆ. ಕಡೇ ದಿನ ಬ್ಯಾಗನ್ನ ಡಿಪೋಗೆ ಒಪ್ಪಿಸಿ ಬಂದೆ. ಅನುಮಾನ ಮಾತ್ರ ನನ್ನ ಜೊತೇಲೇ ಮನೆಗೆ ಬಂತು. ಬಿಂಡಿಗನವಿಲೆ ಬಸ್ಸಿನಲ್ಲಿ ನಾನು ಹತ್ತಿರ ಬಂದ ಕೂಡಲೇ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗೋರನ್ನ ಎಷ್ಟೋ ನೋಡಿದ್ದೀನಿ. ನಿಜವಾದ ನಿದ್ದೇಲಿ ಬಾಯಿ ತೆರೆದಿರುತ್ತೆ, ಕಳ್ಳ ನಿದ್ದೇಲಿ ಬಿಗಿದಿರುತ್ತೆ. ಇದು ಯಾವ ಟ್ರೈನಿಂಗಲ್ಲೂ ಹೇಳಿಕೊಡಲ್ಲ.

ಇಂಥ ನನಗೆ ಸಕ್ಕರೆ ಕಾಯಿಲೆ ಬಂತು. ಪಾಂಡವಪುರದ ಡಾಕ್ಟ್ರು ರಿಪೋರ್ಟು ನೋಡಿ, "ದಿನಾ ಸಂಜೆ ಚೆನ್ನಾಗಿ ನಡೀರಿ, ಸಕ್ಕರೆ ಮುಟ್ಟಬೇಡಿ. ಮೂರು ತಿಂಗಳಲ್ಲಿ ಇಳೀದಿದ್ರೆ ದಿನಾ ಹೊಟ್ಟೆಗೆ ಸೂಜಿ" ಅಂದ್ರು. ಸೂಜಿ ಅಂದ್ರೆ ನನಗೆ ಅರ್ಧ ಜೀವ ಹೋಗುತ್ತೆ. ಸ್ಕೂಲಿಗೆ ಸೂಜಿ ಹಾಕೋರು ಬಂದಾಗ ಹುಣಸೆ ಮರ ಹತ್ತಿ, ಅವರ ಜೀಪು ಊರು ಬಿಡೋವರೆಗೂ ಇಳೀದೆ ಇದ್ದವನು ನಾನು. ಅದಕ್ಕೇ ಮಾರನೇ ದಿನವೇ, ಚಿನಕುರಳಿ ಕಡೆಗೆ ನಮ್ಮೂರ ಹಿಂದೆ ಇರೋ ಸಣ್ಣ ಬೆಟ್ಟ ಹತ್ತೋಕೆ ಶುರು ಮಾಡಿದೆ. ಕಾಡು ಬೆಳೆದಿರೋ ಬೆಟ್ಟ, ಆದ್ರೆ ಹತ್ತೋಕೆ ಕಷ್ಟ ಏನಿಲ್ಲ. ಅರ್ಧ ಗಂಟೆ ಹತ್ತಿದ್ರೆ ತುದೀಲಿ ಒಂದು ಆಂಜನೇಯನ ಗುಡಿ, ಪಕ್ಕದಲ್ಲಿ ಒಂದು ದೇವಕಣಗಿಲೆ ಮರ. ಅಷ್ಟೇ.

ಹಾರೆ

ಮೊದಲನೇ ದಿನ ಬುಡದಲ್ಲಿ ಮೇಕೆ ಮೇಯಿಸ್ತಿದ್ದ ಅಜ್ಜಿ ನನ್ನ ತಡೆದು ಕೇಳಿದ್ಲು:

"ಯಾಕ್ಲಾ ಮಗ, ಮೇಕೆಗೀಕೆ ತಪ್ಪಿಸ್ಕತಾ?"

"ಇಲ್ಲ ಕಣಜ್ಜಿ, ವಾಕಿಂಗು."

"ಸೌದೆಗಾ?"

"ಸೌದೆಗಲ್ಲ. ಸುಮ್ನೆ ನಡೆಯಾಕೆ."

"ಸುಮ್ನೆ ನಡೆಯಾಕೆ ಟಾರ್ ರೋಡ್ ಐತಲ್ಲ. ಶನಿವಾರನೂ ಅಲ್ಲ, ಹರಕೆನೂ ಇಲ್ಲ. ಕೆಲ್ಸ ಇಲ್ದೆ ಬೆಟ್ಟ ಹತ್ತೋನು ಯಾವನ್ಲಾ?"

ನಾನು ಹತ್ತೋಕೆ ಶುರು ಮಾಡಿದೆ. ಅಜ್ಜಿ ನನ್ನ ಬೆನ್ನನ್ನೇ ನೋಡ್ತಾ ನಿಂತಿದ್ಲು. ಬೆಳಗಾಗೋ ಹೊತ್ತಿಗೆ ಟೀ ಅಂಗಡೀಲಿ ಸುದ್ದಿ: ಕಂಡಕ್ಟ್ರು ಕಲ್ಲುಕೋರೆಯೋರಿಗೆ ಬೆಟ್ಟ ಅಳೆದು ಕೊಡ್ತಾವ್ನೆ. ಇನ್ನೊಂದು ಬೆಂಚಿನೋರು ಹೇಳಿದ್ದು, ಅದೆಲ್ಲ ಸುಳ್ಳು, ನಿಧಿ ಸಿಕ್ಕೈತೆ.

ಮೂರನೇ ದಿನ ಪಕ್ಕದ ಮನೆಯವನು ಜೊತೆಗೆ ಹೊರಟ. ವಾಕಿಂಗಂತೆ. ಎಡಗೈಲಿ ಟವಲ್ ಸುತ್ತಿದ ಉದ್ದನೇ ಸಾಮಾನು. ಲಗೇಜ್ ಮುಚ್ಚಿಡೋರನ್ನ ನಾನು ನೋಡಿಲ್ವಾ? ಟವಲ್ ಎಳೆದೆ. ಕಬ್ಬಿಣದ ಹಾರೆ.

"ಏನ್ಲಾ ಇದು?"

ಅವನು ಅತ್ತಿತ್ತ ನೋಡಿ ಪಿಸುಗುಟ್ಟಿದ: "ಅಣ್ಣ, ನಿಂಗೆ ಸಕ್ಕರೆ ಕಾಯಿಲೆ, ಸುಸ್ತಾಯ್ತದೆ. ನೀನು ವಾಕಿಂಗ್ ಮಾಡು, ಅಗೆಯೋದು ನಾನು ನೋಡ್ಕತೀನಿ. ಅರ್ಧರ್ಧ."

ಚಿರತೆ

ಆಮೇಲೆ ನನಗೆ ನಿಜವಾದ ಜೊತೆಗಾರ ಸಿಕ್ಕಿದ್ರು. ಪಾಂಡವಪುರದಲ್ಲಿ ಟೈಲರ್ ಅಂಗಡಿ ಇಟ್ಟಿರೋ ನಮ್ಮೂರ ಭಾಯಿ. ಅದೇ ಡಾಕ್ಟ್ರು, ಅದೇ ಕಾಯಿಲೆ, ಅದೇ ಸೂಜಿ ಬೆದರಿಕೆ. "ನೀವು ದಿನಾ ಸೂಜಿ ಹಿಡಿಯೋರು, ನಿಮಗೇನು ಭಯ" ಅಂದ್ರೆ, "ಚುಚ್ಚೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ ಭಾಯಿ" ಅಂತಿದ್ರು.

ಒಂದು ಸಂಜೆ ಮಬ್ಬಾಗೋ ಹೊತ್ತಿಗೆ ಇಳೀತಿದ್ವಿ. ಆ ವಾರ ಚಿರತೆ ಸುದ್ದಿ ಬೇರೆ ಇತ್ತು. ಲಂಟಾನ ಪೊದೆ ಒಳಗೆ ಸರಬರ ಅಂತು. ನೋಡಿದ್ರೆ ಕೆಂಪಗೆ ಎರಡು ಕಣ್ಣು. ಒಂದು ಕಣ್ಣು ದೊಡ್ಡದಾಗುತ್ತೆ, ಒಂದು ಸಣ್ಣದಾಗುತ್ತೆ.

"ಯಾ ಅಲ್ಲಾ" ಅಂತ ಭಾಯಿ ನನ್ನ ಬೆನ್ನಿಗೆ ಅಂಟಿಕೊಂಡ್ರು. ನಾನು ಓಡೋಕೆ ಆಗಲೇ ಒಂದು ಕಾಲು ಎತ್ತಿದ್ದೆ. ಆದ್ರೂ ಅನುಮಾನ ಬಂತು. ಚಿರತೆ ಬಾಯಿಂದ ಬೀಡಿ ವಾಸನೆ ಯಾಕೆ ಬರುತ್ತೆ? ಬಸ್ಸಿನಲ್ಲಿ ಕೂಗ್ತಿದ್ದ ಗಂಟಲಲ್ಲೇ ಕೂಗಿದೆ: "ಯಾರ್ರೀ ಅದು, ಟಿಕೆಟ್ ತಗಳಿ."

ಬೀಡಿ ಹಿಡಿದು ಇಬ್ಬರು ಕೈ ಮುಗಿದುಕೊಂಡೇ ಎದ್ದು ಬಂದ್ರು. ನಮ್ಮೂರೋರೇ. ಮನೇಲಿ ವಾಕಿಂಗ್ ಹೋಗ್ತೀವಿ ಅಂತ ಹೇಳಿ ಬಂದೋರು.

"ಥೂ ನಿಮ್ಮ, ಚಿರತೆ ಅಂದ್ಕಂಡು ಪ್ರಾಣ ಬಾಯಿಗೆ ಬಂದಿತ್ತು ಕಣ್ಲಾ."

"ನಮ್ ಕತೆ ಏನ್ ಕೇಳೀಯಣ್ಣ" ಅಂದ ಒಬ್ಬ. "ಚಿರತೆ ಆಗಿದ್ರೆ ಪರವಾಗಿಲ್ಲ ಅಂತ ಕುಂತಿದ್ದೋ. ನಮ್ ಹೆಂಡ್ರು ಅಂದ್ಕಂಡ್ಬುಟ್ಟೋ."

ನೆನ್ನೆ ಟಿಕೆಟ್ಟು

ಈ ಕತೇನ ಮನೇಲಿ ಹೇಳಿದ್ದು ನಾನು ಮಾಡಿದ ತಪ್ಪು. ಹೆಂಡತಿ ನಗಲಿಲ್ಲ.

"ವಾಕಿಂಗ್ ಅಂತ ಹೋದೋರು ಪೊದೇಲಿ ಕುಂತಿರ್ತಾರೆ ಅನ್ನಿ. ನೀವು ತುದಿ ಮುಟ್ಟೀರೋ, ಬುಡದಲ್ಲೇ ಕುಂತು ಬತ್ತೀರೋ, ಯಾರು ಕಂಡೋರು? ನಾಳೆಯಿಂದ ಗುಡಿ ತಾವಿರೋ ದೇವಕಣಗಿಲೆ ಹೂ ತನ್ನಿ. ಊರಲ್ಲೆಲ್ಲೂ ಆ ಮರ ಇಲ್ಲ."

ಊರಿಗೆಲ್ಲ ಟಿಕೆಟ್ ಕೇಳಿದವನು ಸ್ವಂತ ಮನೆ ಹೊಸ್ತಿಲಲ್ಲಿ ಟಿಕೆಟ್ ತೋರಿಸೋ ಹಂಗಾಯ್ತು. ನನಗೆ ಅವಮಾನ ಆಗಿದ್ದು ನಿಜ, ಆದ್ರೂ ದಿನಾ ತಂದು ಕೊಟ್ಟೆ. ಅವಳು ಅದನ್ನ ದೇವರ ಪಟಕ್ಕೆ ಇಡೋಳು.

ಒಂದು ದಿನ ಮಂಡಿ ನೋವು. ಹಿಂದಿನ ದಿನವೇ ಎರಡು ಹೂ ಕಿತ್ತು, ಒಂದನ್ನ ಒದ್ದೆ ಬಟ್ಟೇಲಿ ಸುತ್ತಿಟ್ಟಿದ್ದೆ. ಬುಡದಲ್ಲಿ ಅಜ್ಜಿಯ ಮೇಕೆಗಳ ಜೊತೆ ಹೊತ್ತು ಕಳೆದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಏದುಸಿರು ಬಿಡ್ತಾ ಬಂದು ಹೂ ಕೊಟ್ಟೆ. ಅವಳು ಅದನ್ನ ದೀಪದ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿದ್ಲು. ಬಸ್ಸಿನಲ್ಲಿ ನಾನು ಹರಿದ ನೋಟನ್ನ ಹಂಗೇ ನೋಡ್ತಿದ್ದೆ.

"ಅಂಚು ಕಂದೈತೆ" ಅಂದ್ಲು. "ನೆನ್ನೆ ಟಿಕೆಟ್ಟು ಇವತ್ತಿಗೆ ನಡೆಯಾಕಿಲ್ಲ. ಇಳೀರಿ ಕೆಳಕ್ಕೆ."

ಜಗಲಿಯಿಂದ ಇಳಿದು ಮತ್ತೆ ಬೆಟ್ಟ ಹತ್ತಿದೆ.

ಚೆಕಿಂಗು

ಇಷ್ಟು ಹತ್ತಿದ ಮೇಲೆ ಸಕ್ಕರೆ ಇಳೀಬೇಕಲ್ಲ? ಮೂರು ತಿಂಗಳಿಗೆ ರಿಪೋರ್ಟು ಬಂತು. ಏರಿತ್ತು. ಡಾಕ್ಟ್ರು ನನ್ನನ್ನೇ ಅನುಮಾನದಿಂದ ನೋಡಿ, "ಇನ್ನೊಂದೇ ತಿಂಗಳು, ಆಮೇಲೆ ಸೂಜಿ" ಅಂದ್ರು. ಆ ರಾತ್ರಿ ಅರ್ಧ ಮುದ್ದೆ ಬಿಟ್ಟು ಎದ್ದೆ.

ಹೆಂಡತಿ ಯೋಚನೆ ಮಾಡ್ತಾ ಕೂತಿದ್ಲು. "ಹೂ ದಿನಾ ಬಂದೈತೆ. ಹತ್ತಿರೋದೂ ನಿಜ. ಅಂದ್ಮೇಲೆ ಟಿಕೆಟ್ ಇಲ್ದೆ ಯಾರೋ ಒಳಗೆ ಕುಂತವ್ರೆ."

ಅಷ್ಟರಲ್ಲಿ ಗೂಟಕ್ಕೆ ನೇತು ಹಾಕಿದ್ದ ನನ್ನ ಟವಲ್ ಕಡೆಗೆ ಅವಳ ಕಣ್ಣು ಹೋಯ್ತು. ಗೋಡೆ ಮೇಲೆ ಇರುವೆ ಸಾಲುಗಟ್ಟಿ ಅದಕ್ಕೆ ಹತ್ತುತ್ತಿದ್ವು. ಅವಳು ತಣ್ಣಗೆ ಹೇಳಿದ್ಲು: "ನೋಡಿ, ಚೆಕಿಂಗ್‌ನೋರು ಬಂದವ್ರೆ."

ವಿಷಯ ಇಷ್ಟೇ. ಬೆಟ್ಟದ ಬುಡದಲ್ಲಿ ಒಂದು ಆಲೆಮನೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡೋ ಜಾಗ. ನಮ್ಮ ಕಡೆ ಆಲೆಮನೆ ಬಾಗಿಲಿಗೆ ಬಂದವರನ್ನ ಬರೀ ಬಾಯಲ್ಲಿ ಕಳಿಸಲ್ಲ. ಕಬ್ಬಿನ ತುಂಡನ್ನ ಬಿಸಿ ಬೆಲ್ಲದಲ್ಲಿ ಅದ್ದಿ ಕೊಡ್ತಾರೆ. ಬೇಡ ಅಂದ್ರೆ ಅವರಿಗೆ ಬೇಜಾರು. ಇಳೀವಾಗ ನಾನೂ ಭಾಯಿಯೂ ದಿನಾ ಚೀಪಿ, ಟವಲಲ್ಲಿ ಬಾಯಿ ಒರೆಸ್ಕೊಂಡು ಬರ್ತಿದ್ವಿ. ನನಗೂ ಒಮ್ಮೆ ಅನುಮಾನ ಬಂದಿತ್ತು. ಭಾಯಿ ಬಗೆಹರಿಸಿದ್ರು: "ಡಾಕ್ಟ್ರು ಶಕ್ಕರ್ ಬೇಡ ಅಂದವ್ರೆ. ಇದು ಗುಡ್. ನಮ್ಮಲ್ಲಿ ಬೆಲ್ಲಕ್ಕೆ ಗುಡ್ ಅಂತೀವಿ. ಇಂಗ್ಲಿಷಲ್ಲೂ ಗುಡ್ ಅಂದ್ರೆ ಒಳ್ಳೇದೇ ಅಲ್ವಾ ಭಾಯಿ?" ನನಗೂ ಸರಿ ಅನ್ನಿಸ್ತು. ಸಕ್ಕರೆ ಫ್ಯಾಕ್ಟರೀದು, ಬೆಲ್ಲ ನಮ್ದು.

ಮಾರನೇ ದಿನದಿಂದ ಭಾಯಿ ಬದಲು ಹೆಂಡತಿಯೇ ಜೊತೆಗೆ ಬಂದ್ಲು. ಇಳೀವಾಗ ಆಲೆಮನೆಯವನು, "ಬನ್ನಿ ಅಕ್ಕ" ಅಂತ ಎರಡು ತುಂಡು ಹಿಡಿದು ನಿಂತ. ಇವಳು ಪದ್ಧತಿ ಮುರಿಯೋಳಲ್ಲ. "ಅವ್ರ ಪಾಲೂ ನಂಗೇ ಕೊಡಪ್ಪ" ಅಂದು ಎರಡನ್ನೂ ಚೀಪಿದ್ಲು. ಒಂದು ತಿಂಗಳು ದಿನಾ ಅದೇ. ನಾನು ಬೆಟ್ಟ ಹತ್ತಿ, ನೋಡಿ, ಉಗುಳು ನುಂಗಿ ಬಂದೆ.

ತಿಂಗಳಿಗೆ ರಿಪೋರ್ಟು ಬಂತು. ನನ್ನದು ಇಳಿದಿತ್ತು. ಸೂಜಿ ತಪ್ತು, ನನ್ನ ಕಣ್ಣಲ್ಲಿ ನೀರೇ ಬಂತು. ಬಂದದ್ದು ಬಂದ್ಬುಟ್ಟಿದ್ದೀವಿ ಅಂತ ಅವಳೂ ರಕ್ತ ಕೊಟ್ಟಿದ್ಲು. ಡಾಕ್ಟ್ರು ಆ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ್ರು.

"ಏನಮ್ಮ, ನಿಮಗೂ ಏರಿದೆಯಲ್ಲ. ನಡೀತೀರಾ?"

"ದಿನಾ ಇವ್ರ ಜೊತೇಲೇ ಬೆಟ್ಟ ಹತ್ತುತೀನಿ ಸಾ."

"ಸಕ್ಕರೆ ಜಾಸ್ತಿ ತಿಂತೀರಾ?"

"ನಮ್ಮನೇಲಿ ಸಕ್ಕರೆ ಡಬ್ಬನೇ ಇಲ್ಲ" ಅಂದು, ಅವಳು ಬಾಯಿ ಬಿಗಿದು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದ್ಲು.

ಮೂವತ್ತು ವರ್ಷ ನೋಡಿದ ನಿದ್ದೆ ಅದು. ಕೆಳಗೆ ನೋಡಿದೆ. ಅವಳ ಸೆರಗಿನ ಅಂಚಲ್ಲಿ ಒಂದು ಇರುವೆ ನಿಧಾನಕ್ಕೆ ಮೇಲೆ ಹತ್ತುತ್ತಿತ್ತು.

ನಾನು ಕಿವಿ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ: "ಏಳೇ, ಚೆಕಿಂಗ್‌ನೋರು ಹತ್ತವ್ರೆ."