ಗುರುತಿನವರು ಸಿಗದ ಊರಲ್ಲಿ ಎಕ್ಸ್‌ರೇ

ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದಲ್ಲ ಒಂದು ಫಜೀತಿ ದಿನಾ ಇದ್ದದ್ದೇ. ಅದರಲ್ಲಿ ಮುಕ್ಕಾಲು ಪಾಲು ನಾಚಿಕೆಯಿಂದ ಹುಟ್ಟಿದ್ದು. ಸೊಂಟದಿಂದ ಕೆಳಗಿನ ಕಾಯಿಲೆ ಅಂದರೆ ಭದ್ರಾವತಿಯವರು ಶಿವಮೊಗ್ಗಕ್ಕೆ ಬರುತ್ತಾರೆ, ಶಿವಮೊಗ್ಗದವರು ಭದ್ರಾವತಿಗೆ ಹೋಗುತ್ತಾರೆ. ಗುರುತಿನವರು ಸಿಗಬಾರದು, ಅಷ್ಟೇ. ನಡುದಾರಿಯ ಮಾಚೇನಹಳ್ಳಿ ಹತ್ತಿರ ಎದುರುಬದುರು ಬಸ್ಸುಗಳಲ್ಲಿ ಇವರೆಲ್ಲ ಮುಖ ಮುಚ್ಚಿಕೊಂಡು ದಾಟಿಹೋಗುತ್ತಾರೆಂದು ನನ್ನ ಅನುಮಾನ.

ನಾನು ಶಿವಮೊಗ್ಗದವನು, ಎಕ್ಸ್‌ರೇ ಟೆಕ್ನಿಷಿಯನ್. ಬಂದವರಿಗೆಲ್ಲ "ನಾಚ್ಕೋಬೇಡಿ" ಅನ್ನುವುದೇ ನನ್ನ ಕಸುಬು. ಹಾಗೆನ್ನುವ ನನಗೇ ಕೆಲವು ತಿಂಗಳಿಂದ ಮೂತ್ರ ದಾರದಷ್ಟು ಸಣ್ಣಗೆ ಬರುತ್ತಿತ್ತು. ಈ ಕಾಯಿಲೆಯಲ್ಲಿ ಮೂತ್ರನಾಳದ ಒಳಗೆ ಗಾಯ ಮಾಗಿ, ನಾರುಗಟ್ಟಿ, ದಾರಿ ಕಿರಿದಾಗುತ್ತದೆ. ಬಿಟ್ಟರೆ ಕಿಡ್ನಿಗೇ ಪೆಟ್ಟು. ನಾಳದೊಳಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಹರಿಸಿ ಅದರ ಚಿತ್ರ ತೆಗೆಯುವವನೇ ನಾನು. ಆದರೂ ನಮ್ಮದೇ ಸೆಂಟರಿನ ಮೇಜಿನ ಮೇಲೆ, ಜೊತೆ ಕೆಲಸದವರ ಮುಂದೆ ಪಂಚೆ ಎತ್ತಿ ಮಲಗುವುದಕ್ಕಿಂತ ಕಿಡ್ನಿ ಹೋದರೂ ಹೋಗಲಿ ಅನ್ನಿಸುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿದ್ದಂತೆ.

ಉಡಿದಾರ

ಆಯನೂರು ಕಡೆಯ ಯಜಮಾನರೊಬ್ಬರು ಇದೇ ಪರೀಕ್ಷೆಗೆ ಬಂದರು. ಎಲ್ಲ ಬಿಚ್ಚಿದರು, ಉಡಿದಾರ ಮಾತ್ರ ಬಿಚ್ಚಲೊಲ್ಲರು.

"ಬದುಕಿರೋವಾಗ ಉಡಿದಾರ ತೆಗೀತಾರೇನ್ರೀ?" ಎಂದು ನನಗೇ ಗದರಿದರು.

ಸರಿ, ಹೊಟ್ಟೆಯ ಮೇಲಕ್ಕೆ ಸರಿಸಿಕೊಳ್ಳಿ ಎಂದು ನಾನು ಮರ್ಯಾದೆಗೆ ಮುಖ ಆಚೆ ತಿರುಗಿಸಿದೆ. ಅವರು ಸರಿಸಿಕೊಳ್ಳಲೇ ಇಲ್ಲ. ಫಿಲ್ಮ್ ಬಂದಾಗ ನೋಡುತ್ತೇನೆ, ಮೂತ್ರಕೋಶದ ನಟ್ಟನಡುವೆ ಒಂದು ಕೀಲಿ! ಉಡಿದಾರಕ್ಕೆ ಕಟ್ಟಿಕೊಂಡಿದ್ದರು.

ನಾನು ಬಚ್ಚಿಡುವ ಮೊದಲೇ ಜೊತೆಗೆ ಬಂದಿದ್ದ ಅವರ ಹೆಂಡತಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗಿತ್ತು. "ರೀ, ಇದು ನಮ್ಮ ಬೀರು ಕೀಲಿ ಅಲ್ವಾ? ಕಳೆದೋಯ್ತು ಅಂದಿದ್ರಿ!"

ಯಜಮಾನರ ಮುಖ ಹುಳ್ಳಗಾಯಿತು. ಆದರೂ ಪಟ್ಟು ಬಿಡಲಿಲ್ಲ. "ನೋಡ್ದಾ ಮಾರಾಯ್ತಿ? ಉಚ್ಚೆ ಯಾಕೆ ಕಟ್ಟಿದೆ ಅಂತ ಈಗ ಗೊತ್ತಾಯ್ತು!"

ದಾರಿ

ಭದ್ರಾವತಿಯಿಂದ ಅತ್ತೆ ಸೊಸೆ ಬಂದಿದ್ದರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಸೊಸೆಯ ಗರ್ಭನಾಳ ನಾರುಗಟ್ಟಿ ಮುಚ್ಚಿಕೊಂಡಿದೆಯೇ ಎಂದು ನೋಡುವ ಎಕ್ಸ್‌ರೇ. ಮಗ ನಾಚಿಕೊಂಡು ರಸ್ತೆಯಾಚೆ ಬೈಕಿನ ಮೇಲೆಯೇ ಕುಳಿತಿದ್ದ. ಆ ಹುಡುಗಿ ನೋವಿಗೆ ತುಟಿ ಕಚ್ಚಿಕೊಂಡಿದ್ದರೆ, ಬಾಗಿಲಾಚೆಯಿಂದ ಅತ್ತೆ "ಸರಿಯಾಗಿ ನೋಡ್ರಪ್ಪಾ, ಏನೋ ಇದ್ದೇ ಇರುತ್ತೆ" ಎಂದು ಕೂಗುತ್ತಿದ್ದರು. ನಾನು ಮಾಡದ ತಪ್ಪಿಗೆ ನನಗೇ ನಾಚಿಕೆಯಾಯಿತು.

ಔಷಧಿ ಎರಡೂ ಕಡೆ ಸಲೀಸಾಗಿ ಹರಿಯಿತು. ಡಾಕ್ಟರು ಹೊರಬಂದು, "ಇವರದೇನೂ ತೊಂದರೆ ಇಲ್ಲ. ಇನ್ನು ಮಗನಿಗೆ ಪರೀಕ್ಷೆ ಮಾಡ್ಸಿ" ಎಂದರು.

"ನಮ್ಮ ಮನೇಲಿ ಗಂಡಸರಿಗೆ ಪರೀಕ್ಷೆ ಮಾಡ್ಸೋ ಪದ್ಧತಿ ಇಲ್ಲ" ಎಂದರು ಅತ್ತೆ.

ಸೊಸೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಅತ್ತೆ, ರಸ್ತೆ ಕ್ಲಿಯರ್ ಇದೆಯಂತೆ. ಬಸ್ಸು ಹೊರಟಿದೆಯಾ ಇಲ್ವಾ ಅಂತ ಡಿಪೋದಲ್ಲಿ ವಿಚಾರಿಸೋಣ."

ಮಂಕಿ ಕ್ಯಾಪ್

ಒಂದು ದಿನ ನನಗೆ ಮೂತ್ರ ಪೂರ್ತಿ ಕಟ್ಟಿಯೇಬಿಟ್ಟಿತು. ಬಿಸಿನೀರಿನ ಟಬ್ಬಿನಲ್ಲಿ ಕುಳಿತು, ಕಾಣದ ದೇವರಿಗೆಲ್ಲ ಹರಕೆ ಹೊತ್ತ ಮೇಲೆ ಹನಿ ಹನಿಯಾಗಿ ಬಂತು. ಕಿಡ್ನಿಯ ಭಯ ಕೊನೆಗೂ ನಾಚಿಕೆಯನ್ನು ಗೆದ್ದಿತು. ಹೆಂಡತಿಗೆ ಮೆಷಿನ್ನಿನ ಪಾರ್ಟ್ ತರಬೇಕೆಂದು ಸುಳ್ಳು ಹೇಳಿ ಭದ್ರಾವತಿಯ ಒಂದು ಪುಟ್ಟ ಸೆಂಟರಿಗೆ ಹೋದೆ. ಮುಖಕ್ಕೆ ಮಾಸ್ಕು, ತಲೆಗೆ ಟವೆಲು. ಕೌಂಟರಿನಲ್ಲಿ ಹೆಸರು ಕೇಳಿದಾಗ ತಬ್ಬಿಬ್ಬಾಗಿ, ಬಾಯಿಗೆ ಬಂದ ನಮ್ಮ ಮಾವನ ಹೆಸರು ಹೇಳಿಬಿಟ್ಟೆ: ನಂಜುಂಡಪ್ಪ.

ನಮ್ಮ ಮಾವ ನಿವೃತ್ತ ಹೆಡ್‌ಮಾಸ್ತರರು. ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಅವರೆದುರು ನಾನು ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕುಳಿತವನಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು: "ಗಿರೀಶ್! ಗಿರೀಶ್ ಯಾರ್ರೀ?"

ಅದು ನನ್ನ ನಿಜವಾದ ಹೆಸರು! ಅಭ್ಯಾಸಬಲದಿಂದ "ಬಂದೆ" ಎಂದು ಎದ್ದೆ. ಎದುರು ಬೆಂಚಿನಿಂದ ಮಂಕಿ ಕ್ಯಾಪು, ಮಾಸ್ಕು ಹಾಕಿದ್ದ ಹಿರಿಯರೊಬ್ಬರೂ "ಬಂದೆ" ಎಂದು ಎದ್ದರು. ಇಬ್ಬರಿಗೂ ದನಿ ಗುರುತು ಸಿಕ್ಕಿತು. ನಮ್ಮ ಮಾವ!

"ಅಳಿಯಂದ್ರೆ..." ಎಂದು ಅವರು ಕಷ್ಟಪಟ್ಟು ನುಡಿದರು. "ನಿಮ್ಮ ಸೆಂಟರ್‌ಗೆ ಬರೋಕೆ ಸಂಕೋಚ ಆಯ್ತು. ಇಲ್ಲಿ ಹೆಸರು ಕೇಳಿದ್ರು, ನಿಮ್ಮದು ಬಾಯಿಗೆ ಬಂತು."

"ಪರವಾಗಿಲ್ಲ ಮಾವ. ನಾನೂ ನಿಮ್ಮದೇ ಕೊಟ್ಟಿದ್ದೀನಿ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆಸರು ತಿದ್ದಿಸಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಾವ ಗಿರೀಶನಾಗಿ ಒಳಗೆ ಹೋಗಿ ಪರೀಕ್ಷೆ ಮುಗಿಸಿ ಬಂದರು. ಆಮೇಲೆ ನಾನು ನಂಜುಂಡಪ್ಪನಾಗಿ ಮೇಜಿನ ಮೇಲೆ ಮಲಗಿದೆ. ಮೈಯೆಲ್ಲ ಬಿಗಿದುಕೊಂಡು ಔಷಧಿ ಒಳಗೇ ಹೋಗದು. ಅಲ್ಲಿನ ಟೆಕ್ನಿಷಿಯನ್, "ನಾಚ್ಕೋಬೇಡಿ ಸರ್, ಸಡಿಲ ಬಿಡಿ" ಎಂದ. ಆ ಮಾತಿನಿಂದ ಏನೂ ಪ್ರಯೋಜನವಿಲ್ಲವೆಂದು ನನಗೆ ಅವತ್ತು ಗೊತ್ತಾಯಿತು.

ಅವನು ಬೇಸತ್ತು ಬಾಗಿಲು ತೆರೆದು, "ನಂಜುಂಡಪ್ಪನ ಕಡೆಯೋರು ಯಾರಾದ್ರೂ ಬನ್ನಿ, ಸ್ವಲ್ಪ ಧೈರ್ಯ ಹೇಳಿ" ಎಂದು ಕರೆದ. ನನ್ನ ಕಡೆಯವರು ಇನ್ನಾರು! ಮಾವ ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ಬಂದು, ಕಣ್ಣನ್ನು ಗೋಡೆಗೆ ನೆಟ್ಟು, ಮೆಲ್ಲಗೆ "ಸಡಿಲ ಬಿಡಿ" ಎಂದರು. ನಾನು ಇನ್ನಷ್ಟು ಬಿಗಿದುಕೊಂಡೆ. ಎರಡು ಸಲ ಹೇಳಿ ನೋಡಿದರು. ಮೂರನೇ ಸಲ ಅವರೊಳಗಿದ್ದ ಹೆಡ್‌ಮಾಸ್ತರರು ಎದ್ದುಬಂದರು.

"ಏಯ್ ನಂಜುಂಡಪ್ಪಾ! ನಾಚ್ಕೆ ಆಗಲ್ವೇನೋ ನಿಂಗೆ? ನೆಟ್ಟಗೆ ಮಲಕ್ಕೋ! ಉಸಿರು ಬಿಡು!"

ಬಿಟ್ಟೆ. ಔಷಧಿ ಸರ್ರನೆ ಹೋಯಿತು, ಚಿತ್ರ ಬಂತು. ಒಂದೇ ಕಡೆ ಚಿಕ್ಕದಾಗಿ ನಾರುಗಟ್ಟಿತ್ತು. ಸಣ್ಣ ಆಪರೇಷನ್ನಿನಲ್ಲಿ ಸರಿಹೋಗುತ್ತದೆ, ಕಿಡ್ನಿಗೆ ಏನೂ ಆಗಿಲ್ಲ ಎಂದರು ಅಲ್ಲಿನ ಡಾಕ್ಟರು. ಮಾವನದೂ ಮಾತ್ರೆಯಲ್ಲೇ ವಾಸಿಯಾಗುವಂಥದ್ದು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಶಿವಮೊಗ್ಗ ಹತ್ತಿರವಾದಾಗ ಮಾವ ಮಂಕಿ ಕ್ಯಾಪು ತೆಗೆದು ಮಡಚುತ್ತ ಹೇಳಿದರು:

"ಆಪರೇಷನ್ ದಿನ ನಾನೂ ಬರ್ತೀನಿ ಅಳಿಯಂದ್ರೆ. ಆದ್ರೆ ಅಲ್ಲಿ ನಿಮ್ಮ ಹೆಸರೇ ಬರ್ಸಿ. ನನ್ನನ್ನ ನಾನೇ ಇನ್ನೊಂದ್ಸಲ ಬೈಯ್ಕೊಳ್ಳೋಕೆ ನನ್ನ ಕೈಲಾಗಲ್ಲ."